ಮಳೆಗಾಲಕ್ಕೆ ಮೊದಲು ದೀಪದ ಬ್ಯಾಟರಿ

ಭಾಗಮಂಡಲದ ಕಡೆ ಮಳೆ ಹಿಡಿಯಿತೆಂದರೆ ಸಿಲ್ವರ್ ಓಕ್ ಕೊಂಬೆ ತಂತಿಯ ಮೇಲೆ ಬೀಳುವುದು, ಕರೆಂಟ್ ಹೋಗುವುದು ಮಾಮೂಲು. ಹಾಗಾಗಿ ಎಮರ್ಜೆನ್ಸಿ ದೀಪದ ಆರೈಕೆಯನ್ನು ನಾನು ಮೇ ತಿಂಗಳಲ್ಲೇ ಮುಗಿಸುತ್ತೇನೆ.

ನಮ್ಮದು 6 ವೋಲ್ಟ್‌ನ ಸೀಲ್ಡ್ ಲೆಡ್ ಆಸಿಡ್, ಅಂದರೆ ಒಳಗೆ ಸೀಸ, ಆಮ್ಲ ಇರುವ ಮುಚ್ಚಿದ ಬ್ಯಾಟರಿಯ ದೀಪ. ಈ ಜಾತಿಯ ಬ್ಯಾಟರಿಯನ್ನು ಉಪವಾಸ ಕೆಡವಬಾರದು. ಖಾಲಿಯಾಗಿಯೇ ಬಿದ್ದಿದ್ದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ಹೊತ್ತು ಪ್ಲಗ್‌ಗೆ ಹಾಕಿದರೂ ಮೊದಲಿನ ತ್ರಾಣ ಬರುವುದಿಲ್ಲ. ಬೆಳಕು ಮಂಕಾದ ಕೂಡಲೇ ಆರಿಸಿಬಿಡುತ್ತೇನೆ, ಕರೆಂಟ್ ಬಂದೊಡನೆ ಚಾರ್ಜಿಗೆ ಹಾಕುತ್ತೇನೆ. ಬೇಸಿಗೆಯಲ್ಲಿ ಬಳಸದಿದ್ದರೂ ಆಗಾಗ ಪೂರ್ತಿ ಚಾರ್ಜ್ ಆಗಲೇಬೇಕು. ಚಾರ್ಜರ್ ಕಳಚಿ ಕೆಲವು ಗಂಟೆ ಬಿಟ್ಟು ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದರೆ 6.4 ವೋಲ್ಟ್ ಆಸುಪಾಸು ತೋರಿಸಬೇಕು. 6ಕ್ಕಿಂತ ಕೆಳಗೆ ಜಾರಿದರೆ ಹೊಸದನ್ನು ತರುವುದೇ ಮೇಲು.

ನಮ್ಮ ಊರಿನ ತೇವ ಚಾರ್ಜ್ ಮಾಡುವುದಕ್ಕಿಂತ ದೊಡ್ಡ ತಲೆನೋವು. ಬ್ಯಾಟರಿಗೆ ತಂತಿ ಸೇರುವ ಟರ್ಮಿನಲ್ ಮೇಲೆ ಬಿಳಿಹಸಿರು ಪುಡಿ ಕಂಡರೆ ತಂತಿ ಬಿಚ್ಚಿ, ಅಡುಗೆ ಸೋಡಾ ನೀರಿನಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತೇನೆ. ಚೆನ್ನಾಗಿ ಒಣಗಿಸಿ, ತಂತಿ ಸಿಕ್ಕಿಸಿದ ಮೇಲೆ ತೆಳುವಾಗಿ ವ್ಯಾಸಲೀನ್.

ಮಗಳು ತಂದುಕೊಟ್ಟ ಲಿಥಿಯಂ ಅಯಾನ್ ಲಾಟೀನಿನ ಲೆಕ್ಕವೇ ಬೇರೆ. ಅದನ್ನು ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜ್ ಸಾಕು, ಒಲೆಯ ಬಿಸಿ ಮಾತ್ರ ತಾಗಬಾರದು. ಉಬ್ಬಿದ್ದನ್ನಂತೂ ಮತ್ತೆ ಚಾರ್ಜಿಗೆ ಹಾಕಲೇಬೇಡಿ.

ಸತ್ತ ಬ್ಯಾಟರಿಯನ್ನು ತೋಡಿಗೆ ಎಸೆಯುವುದನ್ನು ಕಂಡರೆ ನನಗೆ ಸಹಿಸಲಾಗುವುದಿಲ್ಲ. ಸೀಸ ವಿಷ, ಇಲ್ಲಿನ ತೋಡಿನ ನೀರು ಸೇರುವುದು ಕಾವೇರಿಗೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಒಪ್ಪಿಸಿ. ಸೀಸಕ್ಕೆ ಬೆಲೆಯಿರುವುದರಿಂದ ಹೊಸದರ ಬೆಲೆಯಲ್ಲಿ ಸ್ವಲ್ಪ ದುಡ್ಡೂ ಕಡಿತವಾಗುತ್ತದೆ.