ಎಂಸಿಎ ಕಳೆದುಕೊಂಡ ಆ ಒಂದು ವರ್ಷ

ಹೋದ ವಾರ ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಈ ವರ್ಷ ಬಿಎಸ್ಸಿ ಮುಗಿಸಿದ್ದಾಳೆ, ಬಾಟನಿ ಮತ್ತು ಕೆಮಿಸ್ಟ್ರಿ. "ಅಕ್ಕಾ, ನೀನೂ ಬಾಟನಿ ಓದಿ ಆಮೇಲೆ ಎಂಸಿಎ ಮಾಡಿದ್ದಲ್ವಾ, ನಂಗೂ ಆಗುತ್ತಾ?" ಅಂತ ಕೇಳಿದಳು. ಅಮ್ಮ ಕೊಟ್ಟ ಕಾಫಿ ಆರಿಹೋಗುವಷ್ಟು ಹೊತ್ತು ಮಾತಾಡಿದೆವು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇದೇ ಪ್ರಶ್ನೆ ಇಟ್ಟುಕೊಂಡು ಕೂತವರು ಬಹಳ ಜನ ಇದ್ದಾರೆ, ಕೇಳೋಣ ಅಂದರೆ ಮನೆಯಲ್ಲಿ ಕಂಪ್ಯೂಟರ್ ಓದಿದವರು ಯಾರೂ ಇರುವುದಿಲ್ಲ. ಅದಕ್ಕೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಗುತ್ತದೆ. ಬೇರೆ ವಿಷಯದಲ್ಲಿ ಪದವಿ ಮುಗಿಸಿದವರಿಗೆ ಕಂಪ್ಯೂಟರ್ ಕಡೆ ಬರಲು ನಮ್ಮಲ್ಲಿರುವ ದೊಡ್ಡ ಬಾಗಿಲೇ ಎಂಸಿಎ, ಅಂದರೆ ಮಾಸ್ಟರ್ ಆಫ್ ಕಂಪ್ಯೂಟರ್ ಅಪ್ಲಿಕೇಶನ್ಸ್ ಅನ್ನುವ ಸ್ನಾತಕೋತ್ತರ ಪದವಿ. ಎಂಎಸ್ಸಿ ಕಂಪ್ಯೂಟರ್ ಸೈನ್ಸ್‌ಗೆ ಸಾಮಾನ್ಯವಾಗಿ ಪದವಿಯಲ್ಲೇ ಕಂಪ್ಯೂಟರ್ ಓದಿರಬೇಕು. ಎಂಸಿಎಗೆ ಹಾಗಿಲ್ಲ. ಆದರೆ ನಾನು ಸೇರುವಾಗ ಒಂದು ನಿಯಮ ಇತ್ತು: ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕು, ಪದವಿಯಲ್ಲಿ 50 ಪರ್ಸೆಂಟ್ ಬಂದಿರಬೇಕು, ಮೀಸಲಾತಿ ಇದ್ದವರಿಗೆ 45. ನಾನು ಪಿಯುಸಿಯಲ್ಲಿ ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ) ತಗೊಂಡಿದ್ದೆ. ಡಾಕ್ಟರ್ ಆಗುವ ಆಸೆಗೆ ಬಯಾಲಜಿ, ಅಪ್ಪಯ್ಯ ಹೇಳಿದರು ಅಂತ ಗಣಿತ. ಆ ಗಣಿತವೇ ನನ್ನನ್ನು ಒಳಗೆ ಬಿಟ್ಟಿತು. ನನ್ನ ಗೆಳತಿ ಪಿಯುಸಿಯಲ್ಲಿ ಗಣಿತ ಇಲ್ಲದ ಹೆಚ್‌ಇಬಿಎ ತಗೊಂಡು ಬಿಕಾಂ ಮಾಡಿದ್ದಳು, ನನಗಿಂತ ಚುರುಕು, ಆದರೂ ಅರ್ಜಿ ಹಾಕೋಕೇ ಆಗಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಯಾರೋ ತುಂಬಿಸಿದ ಒಂದು ಫಾರಂ ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಾಗಿಲು ಹಾಕುತ್ತದೆ ಅನ್ನುವುದು ನನಗೆ ಇವತ್ತಿಗೂ ಸಂಕಟ. ಈ ನಿಯಮಗಳು ಬದಲಾಗುತ್ತಿರುತ್ತವೆ, ಹಾಗಾಗಿ ನನ್ನ ಮಾತು ನಂಬಿಕೊಂಡು ಕೂರಬೇಡಿ. ಎಂಸಿಎ ಸೀಟಿಗೆ ಬರೆಯುವ ಪ್ರವೇಶ ಪರೀಕ್ಷೆ ಪಿಜಿಸಿಇಟಿ, ಅದನ್ನು ನಡೆಸುವುದು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ), ನೀವು ಅರ್ಜಿ ಹಾಕುವ ವರ್ಷದ ಅವರ ಮಾಹಿತಿ ಪುಸ್ತಕವನ್ನೇ ಓದಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು ಬೇರೆ. ಸೀಟು ಸಿಗುವುದು ಕಷ್ಟದ ಭಾಗ ಅಲ್ಲ.

ಮೊದಲು ಎಂಸಿಎ ಮೂರು ವರ್ಷ ಇತ್ತು. ಬಿಸಿಎ ಮಾಡಿದವರು ಸೀದಾ ಎರಡನೇ ವರ್ಷಕ್ಕೆ ಸೇರಬಹುದಿತ್ತು. ಯಾಕೆ ಅಂತ ಯೋಚಿಸಿದರೆ ಆ ಮೊದಲ ವರ್ಷ ಯಾರಿಗಾಗಿ ಇತ್ತು ಅಂತ ಗೊತ್ತಾಗುತ್ತದೆ. ಅದು ನಮ್ಮಂಥವರಿಗಾಗಿ ಇತ್ತು, ಬಾಟನಿಯಿಂದ, ಬಿಕಾಂನಿಂದ, ಬಿಎಯಿಂದ ಬಂದವರಿಗೆ ಕಾಲೂರಲು ಕೊಟ್ಟ ವರ್ಷ. 2020-21ರಿಂದ ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಕೋರ್ಸನ್ನು ಎರಡು ವರ್ಷಕ್ಕೆ ಇಳಿಸಿತು. ಬಿಸಿಎಯವರಿಗೆ ಇದರಿಂದ ಏನೂ ನಷ್ಟ ಆಗಲಿಲ್ಲ, ಅವರು ಮೊದಲೂ ಎರಡೇ ವರ್ಷ ಓದುತ್ತಿದ್ದರು. ನಮ್ಮ ಒಂದು ವರ್ಷ ಹೋಯಿತು. ಅದರ ಜಾಗದಲ್ಲಿ ಬಂದದ್ದು ಬ್ರಿಡ್ಜ್ ಕೋರ್ಸ್, ಕಂಪ್ಯೂಟರ್ ಓದದೆ ಬಂದವರಿಗೆ ಬುನಾದಿ ಹೇಳಿಕೊಡುವ ಸಣ್ಣ ಕೋರ್ಸ್.

ನಾನು ಸೇರಿದ್ದು 2021ರಲ್ಲಿ. ನಮ್ಮ ಕಾಲೇಜಿನಲ್ಲಿ ಬ್ರಿಡ್ಜ್ ಕೋರ್ಸ್ ಅಂದರೆ ಸಂಜೆ ಹೊತ್ತು ಹತ್ತು ಹನ್ನೆರಡು ಕ್ಲಾಸು. ಪ್ರೋಗ್ರಾಂ ಬರೆಯುವ ಸಿ ಭಾಷೆ ಪೂರ್ತಿ ಅಷ್ಟರಲ್ಲೇ ಮುಗಿಯಿತು. ಒಬ್ಬರು ಬೋರ್ಡ್ ಮೇಲೆ ಬರೆಯುತ್ತಿದ್ದರು, ನಾವು ನೋಟ್ಸ್ ಮಾಡಿಕೊಳ್ಳುತ್ತಿದ್ದೆವು, ಕಂಪ್ಯೂಟರ್ ಮುಂದೆ ಕೂತದ್ದು ಎರಡೇ ದಿನ. ಅದೇ ಹೊತ್ತಿಗೆ ಬೆಳಗ್ಗಿನ ಕ್ಲಾಸುಗಳಲ್ಲಿ ಡೇಟಾ ಸ್ಟ್ರಕ್ಚರ್, ಅಂದರೆ ಮಾಹಿತಿಯನ್ನು ಕಂಪ್ಯೂಟರ್‌ನಲ್ಲಿ ಜೋಡಿಸಿಡುವ ಬಗೆಗಳು, ಶುರುವಾಗಿತ್ತು. ಮೊದಲ ಲ್ಯಾಬ್ ದಿನ ಲಿಂಕ್ಡ್ ಲಿಸ್ಟ್ ಬರೆಯಿರಿ ಅಂದರು. ಬಿಸಿಎ ಮಾಡಿ ಬಂದವರೆಲ್ಲ ಟೈಪ್ ಮಾಡಲು ಶುರು ಮಾಡಿದರು, ಇಡೀ ಲ್ಯಾಬ್‌ನಲ್ಲಿ ಕೀಬೋರ್ಡ್ ಸದ್ದು, ನಾನು ಮಾತ್ರ ಪಾಯಿಂಟರ್ ಅಂದರೆ ಏನು ಅಂತಲೇ ಗೊತ್ತಿಲ್ಲದೆ ಖಾಲಿ ಪರದೆ ನೋಡುತ್ತಾ ಕೂತಿದ್ದೆ. ಪಕ್ಕದವಳದ್ದು ನೋಡಿ ಟೈಪ್ ಮಾಡಿದೆ. ಸೆಗ್ಮೆಂಟೇಶನ್ ಫಾಲ್ಟ್ ಅಂತ ಬಂತು. ಆ ರಾತ್ರಿ ಹಾಸ್ಟೆಲ್‌ನಲ್ಲಿ ಅತ್ತೆ. ವಾಪಸ್ ಊರಿಗೆ ಹೋಗಿ ಮತ್ತೆ ಶಾಲೆಯಲ್ಲಿ ಪಾಠ ಮಾಡುತ್ತೇನೆ ಅಂತ ಅಪ್ಪಯ್ಯನಿಗೆ ಫೋನ್ ಕೂಡ ಮಾಡಿದೆ.

ನನ್ನನ್ನು ಉಳಿಸಿದ್ದು ರೂಮಿನ ಗೆಳತಿ. ಬಿಸಿಎ ಓದಿದವಳು, ಭದ್ರಾವತಿಯವಳು. "ನಿಮ್ಮೂರಲ್ಲಿ ಒಬ್ಬರ ಮನೆ ಹುಡುಕೋದು ಹೇಗೆ?" ಅಂತ ಕೇಳಿದಳು. ನಮ್ಮ ಕಡೆ ಮನೆಗಳು ಪೇಟೆಯ ಹಾಗೆ ಸಾಲಾಗಿ ಇಲ್ಲ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಟದ ಆಚೆ. ಮೊದಲ ಮನೆಯಲ್ಲಿ ಕೇಳಿದರೆ ಮುಂದಿನ ಮನೆಯ ದಾರಿ ಹೇಳುತ್ತಾರೆ, ಅಲ್ಲಿ ಹೋದರೆ ಅವರು ಅದರ ಮುಂದಿನದ್ದು ಹೇಳುತ್ತಾರೆ. "ಅಷ್ಟೇ ಕಣೇ, ಅದೇ ಲಿಂಕ್ಡ್ ಲಿಸ್ಟ್" ಅಂದಳು. ಪ್ರತಿ ಮನೆಯ ಹತ್ತಿರ ಎರಡೇ ವಿಷಯ ಇರುತ್ತದೆ, ತನ್ನ ಸಾಮಾನು ಮತ್ತು ಮುಂದಿನ ಮನೆಯ ವಿಳಾಸ. ಆ ವಿಳಾಸವೇ ಪಾಯಿಂಟರ್. ನಡುವೆ ಹೊಸ ಮನೆ ಬಂದರೆ ಹಿಂದಿನ ಮನೆಯವರು ಇನ್ನು ಮೇಲೆ ಹೊಸ ಮನೆಯ ದಾರಿ ಹೇಳಬೇಕು, ಹೊಸ ಮನೆಯವರು ಅದರ ಮುಂದಿನ ಮನೆಯ ದಾರಿ ಹೇಳಬೇಕು. ಯಾವ ಮನೆಯೂ ಜಾಗ ಬಿಟ್ಟು ಸರಿಯಬೇಕಿಲ್ಲ. ಆದರೆ ಒಬ್ಬರು ಮುಂದಿನ ವಿಳಾಸ ಮರೆತರೆ ಅಲ್ಲಿಂದಾಚೆಯ ಮನೆಗಳೆಲ್ಲ ಅಲ್ಲೇ ಇದ್ದೂ ಸಿಗುವುದಿಲ್ಲ. ನನ್ನ ಪ್ರೋಗ್ರಾಂ ಇಲ್ಲದ ಮನೆಯ ಬಾಗಿಲು ತಟ್ಟಲು ಹೋಗಿತ್ತು, ಅದಕ್ಕೇ ಆ ಎರರ್. ಹತ್ತು ಕ್ಲಾಸಿನಲ್ಲಿ ತಲೆಗೆ ಹೋಗದ್ದು ಹತ್ತು ನಿಮಿಷದಲ್ಲಿ ಹೋಯಿತು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಕಳೆದುಹೋದ ಆ ಒಂದು ವರ್ಷವನ್ನು ನೀವೇ ಸೇರುವ ಮುಂಚೆ ಓದಿಕೊಳ್ಳಿ. ಪದವಿಯ ಕೊನೆ ಪರೀಕ್ಷೆ ಮುಗಿದ ಮೇಲೆ ಎಂಸಿಎ ಕ್ಲಾಸು ಶುರುವಾಗುವವರೆಗೆ ಕೆಲವು ತಿಂಗಳು ಸಿಗುತ್ತದೆ. ಅದನ್ನು ಸುಮ್ನೆ ಕಳೆಯಬೇಡಿ. ಮೊದಲು ಪೈಥಾನ್ ಭಾಷೆಯಲ್ಲಿ ಕೈ ಕುದುರಿಸಿಕೊಳ್ಳಿ, ಆಮೇಲೆ ಸಿ ಭಾಷೆಗೆ ಬನ್ನಿ. ಅರೇ (array), ಲಿಂಕ್ಡ್ ಲಿಸ್ಟ್, ಸ್ಟ್ಯಾಕ್, ಕ್ಯೂ ಎಂಬ ಡೇಟಾ ಸ್ಟ್ರಕ್ಚರ್‌ಗಳನ್ನು ನಿಮ್ಮ ಕೈಯಾರೆ ಬರೆದು ಓಡಿಸಿ, ವಿಡಿಯೋ ನೋಡಿ ಅರ್ಥವಾಯಿತು ಅಂದುಕೊಂಡರೆ ಸಾಲದು. ಡಿಸ್ಕ್ರೀಟ್ ಗಣಿತದಲ್ಲಿ ಗಣಗಳು, ಸಂಬಂಧಗಳು, ತರ್ಕ ಇಷ್ಟು ಗಟ್ಟಿ ಇದ್ದರೆ ಮುಂದೆ ಡೇಟಾಬೇಸ್ ಬಹಳ ಹಗುರ. ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳು ಉಚಿತವಾಗಿ ಸಿಗುತ್ತವೆ, ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಪರೀಕ್ಷೆಗೆ ದುಡ್ಡು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ, ಹಾಗಾಗಿ ಪೇಟೆಗೆ ಹೋದಾಗಲೇ ವಿಡಿಯೋ ಇಳಿಸಿಕೊಂಡು ಬನ್ನಿ. ಕರೆಂಟ್ ಹೋದರೆ ಕಾಗದದ ಮೇಲೆ ಪ್ರೋಗ್ರಾಂ ಬರೆದು, ಪ್ರತಿ ಸಾಲಿಗೆ ಯಾವ ಡಬ್ಬಿಯಲ್ಲಿ (ವೇರಿಯಬಲ್‌ನಲ್ಲಿ) ಏನಿದೆ ಅಂತ ಪೆನ್ಸಿಲ್‌ನಲ್ಲಿ ತಿದ್ದುತ್ತಾ ಹೋಗಿ. ನಾನು ಜಾಸ್ತಿ ಕಲಿತದ್ದು ಹಾಗೆಯೇ.

ಇನ್ನೊಂದು ವಿಷಯ. ಹಳೆಯ ಡಿಗ್ರಿ ವ್ಯರ್ಥ ಆಯಿತು ಅಂತ ಮನೆಗೆ ಬಂದವರೆಲ್ಲ ಹೇಳುತ್ತಾರೆ. ನಂಬಬೇಡಿ. ಬಾಟನಿಯಲ್ಲಿ ಗಿಡ ಗುರುತಿಸಲು ಕೀ ಅಂತ ಬಳಸುತ್ತಿದ್ದೆವು. ಎಲೆಗಳು ಎದುರು ಬದುರಾಗಿವೆಯಾ, ಒಂದಾದ ಮೇಲೊಂದಾಗಿವೆಯಾ? ಗಾಯ ಮಾಡಿದರೆ ಹಾಲು ಬರುತ್ತದಾ, ಇಲ್ಲವಾ? ಹಲಸಿಗೂ ರಂಜಕ್ಕೂ (ಬಕುಳ) ಎಲೆ ಒಂದಾದ ಮೇಲೊಂದು, ಎರಡರಲ್ಲೂ ಹಾಲು. ಹಾಗಾದರೆ ಇನ್ನೊಂದು ಪ್ರಶ್ನೆ: ಎಳೆ ಕೊಂಬೆಯ ಮೇಲೆ ಉಂಗುರದ ಹಾಗೆ ಗುರುತು ಇದೆಯಾ? ಇದ್ದರೆ ಹಲಸು. ಮೂರನೇ ಸೆಮಿಸ್ಟರಿನಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಡಿಸಿಷನ್ ಟ್ರೀ, ಅಂದರೆ ಒಂದೊಂದೇ ಪ್ರಶ್ನೆ ಕೇಳುತ್ತಾ ಕವಲೊಡೆದು ಉತ್ತರಕ್ಕೆ ಹೋಗುವ ಚಿತ್ರ, ಬರೆದಾಗ ನನಗೆ ಮೈ ಜುಮ್ಮೆಂದಿತು. ಇದನ್ನು ನಾನು ಮೂರು ವರ್ಷ ಕಾಡಿನಲ್ಲಿ ನಿಂತು ಮಾಡಿದ್ದೆ! ಹೌದು, ಇಲ್ಲ ಅನ್ನುವ ಹತ್ತು ಪ್ರಶ್ನೆಗಳನ್ನು ಸರಿಯಾಗಿ ಆರಿಸಿದರೆ 1024 ಬಗೆಯ ಗಿಡಗಳನ್ನು ಬೇರೆ ಬೇರೆ ಮಾಡಬಹುದು. ನನ್ನ ಪ್ರಾಜೆಕ್ಟೂ ಅದೇ ಆಯಿತು, ನಮ್ಮ ಕಡೆಯ ಮರಗಳನ್ನು ಗುರುತಿಸುವ ಸಣ್ಣ ಆ್ಯಪ್. ಕ್ಲಾಸಿನಲ್ಲಿ ಅದನ್ನು ಬೇರೆ ಯಾರೂ ಮಾಡಲು ಆಗುತ್ತಿರಲಿಲ್ಲ.

ಬೇರೆ ವಿಷಯದವರು ತಡವಾಗಿ ಬಂದ ನೆಂಟರು ಅನ್ನುವ ಹಾಗೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ಕೇಂಬ್ರಿಜ್‌ನಲ್ಲಿ 1953ರಲ್ಲಿ ಶುರುವಾದ ಕಂಪ್ಯೂಟರ್ ಡಿಪ್ಲೊಮಾ ಒಂದು ವರ್ಷದ್ದು, ಬೇರೆ ಪದವಿ ಮುಗಿಸಿ ಬಂದವರಿಗೆ. ಆಗ ಕಂಪ್ಯೂಟರ್‌ನಲ್ಲಿ ಪದವಿಯೇ ಇರಲಿಲ್ಲವಲ್ಲ! ಮಾಹಿತಿಯನ್ನು ಬೇಗ ಕ್ರಮವಾಗಿ ಜೋಡಿಸುವ ಕ್ವಿಕ್‌ಸಾರ್ಟ್ ವಿಧಾನ ಕಂಡುಹಿಡಿದ ಟೋನಿ ಹೋರ್ ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗ್ರೀಕ್, ಲ್ಯಾಟಿನ್, ತತ್ವಶಾಸ್ತ್ರ. ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಕೇರನ್ ಸ್ಪಾರ್ಕ್ ಜೋನ್ಸ್ ಇತಿಹಾಸ ಓದಿದವರು, ಸ್ವಲ್ಪ ಕಾಲ ಶಾಲೆಯಲ್ಲಿ ಪಾಠವನ್ನೂ ಮಾಡಿದ್ದರು. ಕೆಲವೇ ಬರಹಗಳಲ್ಲಿ ಬರುವ ಪದಕ್ಕೆ ಕಂಪ್ಯೂಟರ್‌ನಲ್ಲಿ ಹುಡುಕುವಾಗ ಜಾಸ್ತಿ ತೂಕ ಕೊಡಬೇಕು ಅಂತ 1972ರಲ್ಲಿ ತೋರಿಸಿದ್ದು ಅವರೇ. ಹುಡುಕಾಟದ ತಂತ್ರಗಳಲ್ಲಿ ಆ ಮಾತು ಇವತ್ತಿಗೂ ನಡೆಯುತ್ತಿದೆ.

ಬ್ರಿಟನ್‌ನಲ್ಲಿ ಇದಕ್ಕೆ ಕನ್ವರ್ಷನ್ ಕೋರ್ಸ್ ಅಂತಲೇ ಹೆಸರು. ಒಂದು ವರ್ಷದ ಎಂಎಸ್ಸಿ, ಬೇಸಿಗೆಯಲ್ಲಿ ಪ್ರಾಜೆಕ್ಟ್. ಅಲ್ಲಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಇಂಥ ಕೋರ್ಸ್ ನಡೆಸುತ್ತದೆ. ಬೇರೆ ವಿಷಯದವರಿಗಾಗಿಯೇ ಮೊದಲಿನಿಂದ ಕಟ್ಟಿದ ಕೋರ್ಸ್ ಆದ್ದರಿಂದ ಕ್ಲಾಸಿನಲ್ಲಿ ಎಲ್ಲರೂ ಒಂದೇ ಮೆಟ್ಟಿಲ ಮೇಲೆ ನಿಂತಿರುತ್ತಾರೆ. ಆದರೆ ಹೊರದೇಶದವರಿಗೆ ಫೀಸು ಬಹಳ, ತೋಟದ ಮೇಲೆ ಸಾಲ ಮಾಡಿ ಹೋಗುವ ಮೊದಲು ಹತ್ತು ಸಲ ಲೆಕ್ಕ ಹಾಕಿ. ನಮ್ಮ ಕಾಲೇಜುಗಳೂ ಬೇರೆ ವಿಷಯದವರಿಗೆ ಮೊದಲ ಎರಡು ತಿಂಗಳು ಬೇರೆಯೇ ಲ್ಯಾಬ್ ಇಟ್ಟರೆ ಎಷ್ಟು ಜನ ಅಳುವುದು ತಪ್ಪುತ್ತದೆ!

ಪಕ್ಕದ ಮನೆಯ ಹುಡುಗಿಯೂ ಪಿಸಿಎಂಬಿಯೇ, ಹಾಗಾಗಿ ಗಣಿತದ ಚಿಂತೆ ಇಲ್ಲ. ಈ ಭಾನುವಾರದಿಂದ ಮಧ್ಯಾಹ್ನ ಊಟ ಆದ ಮೇಲೆ ನಮ್ಮ ಜಗುಲಿಯಲ್ಲಿ ಕೂರುತ್ತೇವೆ. ನನ್ನ ಹಳೆಯ ಲ್ಯಾಪ್‌ಟಾಪ್ ಅವಳಿಗೆ ಕೊಟ್ಟಿದ್ದೇನೆ. ಮೊದಲ ವಾರ ಪೈಥಾನ್, ಮಳೆ ಹಿಡಿದು ಕರೆಂಟ್ ಹೋದರೆ ಕಾಗದ, ಪೆನ್ಸಿಲ್. ತೀರ್ಥಹಳ್ಳಿ ಸುತ್ತಮುತ್ತ ಇನ್ಯಾರಿಗಾದರೂ ಬರಬೇಕು ಅನ್ನಿಸಿದರೆ ನನಗೊಂದು ಸಾಲು ಬರೆಯಿರಿ, ಜಗುಲಿ ದೊಡ್ಡದಿದೆ.