ಕತ್ತಲ ಕಂಬದಿಂದ ಸಭೆಯ ನಡಾವಳಿವರೆಗೆ: ವಾರ್ಡ್ ಸಮಿತಿಯಿಂದ ಕೆಲಸ ಮಾಡಿಸುವ ಬಗೆ

ದಾವಣಗೆರೆಯ ಯಾವುದೇ ಬಡಾವಣೆಯಲ್ಲಿ ರಾತ್ರಿ ಓಡಾಟಕ್ಕೆ ಭಯ ಎಂಬ ಮಾತು ಎದ್ದರೆ, ಅದು ನೇರ ಪೊಲೀಸರ ಕಡೆಗೆ ತಿರುಗುತ್ತದೆ. ಗಸ್ತು ಬರುತ್ತಿಲ್ಲ, ಕ್ಯಾಮೆರಾ ಹಾಕಿಸಿಲ್ಲ ಅನ್ನುತ್ತಾರೆ. ಅದೇ ಬೀದಿಯಲ್ಲಿ ರಾತ್ರಿ ಎಂಟರ ಮೇಲೆ ನಡೆದರೆ ಕಾಣುವುದು ಸಾಲಾಗಿ ಆರಿದ ದೀಪಗಳು, ಜಾಲಿ ಬೆಳೆದ ಖಾಲಿ ಸೈಟು, ಚಪ್ಪಡಿ ಎದ್ದುಹೋದ ಚರಂಡಿ, ಕೊಂಬೆಯೊಳಗೆ ಮುಳುಗಿದ ಕಂಬ. ಇವೆಲ್ಲ ಪಾಲಿಕೆಯ ಲೆಕ್ಕಕ್ಕೆ ಬರುವ ಕೆಲಸಗಳು. ಪಾಲಿಕೆಯಿಂದ ಇವನ್ನು ಮಾಡಿಸಿಕೊಳ್ಳಲು ಕಾನೂನಿನಲ್ಲೇ ಇರುವ ದಾರಿ ವಾರ್ಡ್ ಸಮಿತಿ. ಬೀದಿಯ ಸುರಕ್ಷತೆಯ ಬಹುಪಾಲು ಅಲ್ಲೇ ತೀರ್ಮಾನವಾಗಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ 243ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಲೇಬೇಕು. 2011ರ ಜನಗಣತಿಯಲ್ಲೇ ದಾವಣಗೆರೆ 4.3 ಲಕ್ಷ ದಾಟಿತ್ತು. 2007ರಲ್ಲಿ ನಗರಸಭೆ ಹೋಗಿ ಮಹಾನಗರ ಪಾಲಿಕೆ ಬಂತು, ಈಗ 45 ವಾರ್ಡುಗಳಿವೆ. ಕರ್ನಾಟಕ ಪೌರ ನಿಗಮಗಳ ಕಾಯ್ದೆಗೆ 2011ರಲ್ಲಿ ಸೇರಿಸಿದ ಭಾಗದಂತೆ ವಾರ್ಡಿನ ಕಾರ್ಪೊರೇಟರ್ ಸಮಿತಿಯ ಅಧ್ಯಕ್ಷರು. ಅವರ ಜೊತೆ ನಾಮನಿರ್ದೇಶನಗೊಂಡ 10 ಮಂದಿ. ಇವರಲ್ಲಿ ಕನಿಷ್ಠ 3 ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದ 2 ಮಂದಿ, ನಿವಾಸಿಗಳ ಸಂಘಗಳಿಂದ 2 ಮಂದಿ ಇರಬೇಕು. ಇದರ ಕೆಳಗೆ ಏರಿಯಾ ಸಭೆ. ಒಂದೋ ಕೆಲವೋ ಮತಗಟ್ಟೆಗಳ ವ್ಯಾಪ್ತಿಯ ಎಲ್ಲ ಮತದಾರರೂ ಅದರ ಸದಸ್ಯರೇ. ವಾರ್ಡಿನ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಹಣ ಸರಿಯಾಗಿ ಖರ್ಚಾಯಿತೇ ನೋಡುವುದು, ನೀರು, ಕಸ, ಬೀದಿದೀಪ, ಪಾರ್ಕುಗಳ ನಿರ್ವಹಣೆ ಗಮನಿಸುವುದು ಸಮಿತಿಯ ಕೆಲಸಗಳು. ಬೀದಿದೀಪ ಮತ್ತು ಪಾರ್ಕು ಕಾನೂನಿನ ಆ ಪಟ್ಟಿಯಲ್ಲೇ ಇರುವುದರಿಂದ "ಸುರಕ್ಷತೆ ನಮ್ಮ ವ್ಯಾಪ್ತಿಗೆ ಬರಲ್ಲ" ಎಂಬ ಉತ್ತರವನ್ನು ಯಾರೂ ಒಪ್ಪಬೇಕಿಲ್ಲ.

ಸಭೆ ನಡೆದೂ ಕೆಲಸ ಆಗದಿರಲು ದೊಡ್ಡ ಕಾರಣ, ದೂರುಗಳು ಬಾಯಿಮಾತಿನಲ್ಲೇ ಉಳಿಯುವುದು. "ನಿಟ್ಟುವಳ್ಳಿ ಕಡೆ ಲೈಟ್ ಇಲ್ಲ ಸಾರ್" ಅಂದರೆ ಇಂಜಿನಿಯರ್ "ನೋಡ್ತೀವಿ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಯಾವ ಅಡ್ಡರಸ್ತೆ, ಎಷ್ಟನೇ ನಂಬರಿನ ಕಂಬ, ಯಾವ ದಿನದಿಂದ, ಒಂದೇ ದೀಪವೋ ಇಡೀ ಸಾಲೋ ಎಂದು ಬರೆದು ಕೊಟ್ಟರೆ ಅದು ನಡಾವಳಿ ಪುಸ್ತಕಕ್ಕೆ ಏರುತ್ತದೆ. ಒಮ್ಮೆ ನಡಾವಳಿಗೆ ಬಂದ ವಿಷಯಕ್ಕೆ ಮುಂದಿನ ಸಭೆಯಲ್ಲಿ ಉತ್ತರ ಕೊಡಲೇಬೇಕಾಗುತ್ತದೆ.

ಆ ಪಟ್ಟಿಗಾಗಿ ರಾತ್ರಿ ನಡಿಗೆ ಬೇಕು. ಅಮಾವಾಸ್ಯೆಯ ಆಸುಪಾಸಿನ ವಾರ ಒಳ್ಳೆಯದು, ಹುಣ್ಣಿಮೆ ಬೆಳಕಿನಲ್ಲಿ ಕತ್ತಲ ಜಾಗಗಳು ತಪ್ಪಿಹೋಗುತ್ತವೆ. ಸಂಜೆ ಏಳೂವರೆಯಿಂದ ಒಂಬತ್ತರವರೆಗೆ ನಾಲ್ಕು ಮಂದಿ ಸಾಕು. ಇಬ್ಬರಾದರೂ ಹೆಂಗಸರಿರಲಿ, ಗಂಡಸರಿಗೆ ಏನೂ ಅನ್ನಿಸದ ತಿರುವನ್ನು ಅವರು ನಿಂತು ತೋರಿಸುತ್ತಾರೆ. ಒಬ್ಬರು ಬರೆಯಲಿ, ಒಬ್ಬರು ಫೋಟೊ ತೆಗೆಯಲಿ. ಮೊಬೈಲ್ ಟಾರ್ಚ್ ಹಚ್ಚಬೇಡಿ. ಹತ್ತು ಹೆಜ್ಜೆ ದೂರದಲ್ಲಿ ಎದುರು ಬರುವವರ ಮುಖದ ಗುರುತು ಸಿಗುತ್ತದೆಯೇ ಎಂಬುದೊಂದೇ ಪರೀಕ್ಷೆ. ಸಿಗದಿದ್ದರೆ ಆ ಜಾಗ ಪಟ್ಟಿಗೆ ಸೇರಬೇಕು, ಪಕ್ಕದಲ್ಲಿ ದೀಪ ಉರಿಯುತ್ತಿದ್ದರೂ ಸರಿ. ಕಂಬದಿಂದ ಕಂಬಕ್ಕೆ 30 ಮೀಟರ್ ಅಂತರವಿರುವ ರಸ್ತೆಯಲ್ಲಿ ಅಕ್ಕಪಕ್ಕದ ಎರಡು ದೀಪ ಆರಿದರೆ 90 ಮೀಟರ್ ಉದ್ದಕ್ಕೆ ಬೆಳಕು ಕಡಿದುಹೋಗುತ್ತದೆ. ಹಾಗಾಗಿ ಒಂಟಿಯಾಗಿ ಆರಿದ ಐದು ದೀಪಗಳಿಗಿಂತ ಜೋಡಿಯಾಗಿ ಆರಿದ ಎರಡನ್ನು ಪಟ್ಟಿಯಲ್ಲಿ ಮೇಲಕ್ಕೆ ಹಾಕಿ.

ದೀಪ ಯಾಕೆ ಆರಿದೆ ಎಂಬುದನ್ನೂ ಅಂದಾಜು ಮಾಡಿ ಬರೆದರೆ ರಿಪೇರಿಗೆ ಬರುವವರು ಬರಿಗೈಯಲ್ಲಿ ಹಿಂತಿರುಗುವುದಿಲ್ಲ. ಇಡೀ ಸಾಲು ಆರಿದ್ದರೆ ತೊಂದರೆ ಹೆಚ್ಚಾಗಿ ಸ್ವಿಚ್ ಬಾಕ್ಸಿನಲ್ಲಿ, ಟೈಮರಿನಲ್ಲಿ ಅಥವಾ ತಂತಿಯಲ್ಲಿ. ಒಂದೇ ದೀಪ ಆರಿದ್ದರೆ ಎಲ್‌ಇಡಿಯ ಡ್ರೈವರ್ (ದೀಪಕ್ಕೆ ಕರೆಂಟು ಹೊಂದಿಸಿ ಕೊಡುವ ಭಾಗ) ಸುಟ್ಟಿರಬಹುದು. ವೋಲ್ಟೇಜ್ ಏರಿಳಿತಕ್ಕೆ, ಮಳೆಗಾಲದಲ್ಲಿ ಒಳಗೆ ಸೇರುವ ನೀರಿಗೆ ಅದು ಬೇಗ ಹಾಳಾಗುತ್ತದೆ. ಮಿಣುಕುತ್ತಿದ್ದರೆ ಕಂಬದ ಮೇಲಿನ ಜೋಡಣೆ ಸಡಿಲಾಗಿರಬಹುದು. ಹಗಲಲ್ಲಿ ಉರಿದು ಸಂಜೆ ಆರುತ್ತಿದ್ದರೆ ಟೈಮರಿನ ಗಡಿಯಾರ ತಪ್ಪಿದೆ ಎಂದೇ ಅರ್ಥ. ಬ್ಯಾಟರಿ ಇಲ್ಲದ ಟೈಮರ್ ಕರೆಂಟು ಹೋದಷ್ಟು ಹೊತ್ತು ನಿಂತು, ಆಮೇಲೆ ಹಿಂದೆ ಬೀಳುತ್ತದೆ. ದೀಪ ಚೆನ್ನಾಗಿದ್ದೂ ಕೆಳಗೆ ಕತ್ತಲಾದರೆ ಅದು ಕೊಂಬೆ ಸವರುವ ಕೆಲಸ.

ಯಾವ ಕೆಲಸ ಯಾರದು ಎಂಬುದರಲ್ಲೇ ಅರ್ಧ ದೂರುಗಳು ದಾರಿ ತಪ್ಪುತ್ತವೆ. ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ ಬೆಸ್ಕಾಂನವು, ದೀಪ ಪಾಲಿಕೆಯದು. ತಂತಿ ಜೋತುಬಿದ್ದಿದ್ದರೆ, ಕಂಬದಲ್ಲಿ ಕರೆಂಟು ಹೊಡೆಯುತ್ತಿದ್ದರೆ ಸಭೆಗೆ ಕಾಯದೆ ತಕ್ಷಣ 1912ಕ್ಕೆ ಫೋನ್ ಮಾಡಿ. ದೀಪದ ದೂರು ಪಾಲಿಕೆಗೆ ಹೋಗಲಿ, ಜನಹಿತ ಆ್ಯಪಿನಲ್ಲಿ ಹಾಕಿ ಅಲ್ಲಿ ಸಿಗುವ ದೂರಿನ ಸಂಖ್ಯೆಯನ್ನು ಪಟ್ಟಿಯಲ್ಲಿ ಕಂಬದ ಸಂಖ್ಯೆಯ ಪಕ್ಕ ಬರೆದಿಡಿ. ರೈಲ್ವೆ ಗೇಟು, ಅಂಡರ್‌ಪಾಸು, ಹೆದ್ದಾರಿ ಸರ್ವಿಸ್ ರಸ್ತೆಗಳಲ್ಲಿ ಜವಾಬ್ದಾರಿ ಬೇರೆ ಬೇರೆ ಇಲಾಖೆಗಳ ನಡುವೆ ಹಂಚಿಹೋಗಿರುತ್ತದೆ. ಅಂಥ ಕಡೆ ಸಮಿತಿಯೇ ಠರಾವು ಮಾಡಿ, ಆಯುಕ್ತರ ಮೂಲಕ ಆ ಇಲಾಖೆಗೆ ಪತ್ರ ಹೋಗುವಂತೆ ನೋಡಬೇಕು. ಬಿಡಿ ನಾಗರಿಕರ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತದೆ.

ಖಾಲಿ ಸೈಟಿನ ವಿಷಯದಲ್ಲಿ ಮೊದಲು ಬೇಕಾಗುವುದು ಮಾಲೀಕರ ಗುರುತು. ಪಕ್ಕದ ಮನೆಯ ಆಸ್ತಿ ಸಂಖ್ಯೆ ಕೊಟ್ಟರೆ ಕಂದಾಯ ವಿಭಾಗದವರಿಗೆ ಹುಡುಕುವುದು ಸುಲಭ. ನೋಟಿಸ್ ಹೋಗಿದೆಯೇ, ಯಾವ ತಾರೀಖು ಎಂದು ಮುಂದಿನ ಸಭೆಯಲ್ಲಿ ಕೇಳಿ. ಗಿಡ ಕಡಿಸಿ ಕಸ ಬಿಟ್ಟರೆ ಬೇಸಿಗೆಯಲ್ಲಿ ಅದಕ್ಕೇ ಬೆಂಕಿ ಹಚ್ಚುತ್ತಾರೆ. ಕಡಿಯುವುದೂ ಸಾಗಿಸುವುದೂ ಒಂದೇ ದಿನ ಆಗಬೇಕೆಂದು ಠರಾವಿನಲ್ಲೇ ಬರೆಸಿ.

ಪೊಲೀಸರನ್ನು ಈ ಕೆಲಸಕ್ಕೆ ಜೋಡಿಸಿಕೊಳ್ಳುವುದು ನಂತರದ ಹೆಜ್ಜೆ. ರಾಜ್ಯದಲ್ಲಿ 2017ರಲ್ಲಿ ಬಂದ ಸುಧಾರಿತ ಬೀಟ್ ವ್ಯವಸ್ಥೆಯಲ್ಲಿ ಪ್ರತಿ ಪ್ರದೇಶವೂ ಒಬ್ಬ ನಿರ್ದಿಷ್ಟ ಸಿಬ್ಬಂದಿಯ ಹೊಣೆ. ನಿಮ್ಮ ಬೀದಿ ಯಾವ ಠಾಣೆಗೆ ಸೇರುತ್ತದೆ, ವಿದ್ಯಾನಗರವೋ ಕೆಟಿಜೆ ನಗರವೋ ಬಸವನಗರವೋ ಬಡಾವಣೆ ಠಾಣೆಯೋ, ಎಂದು ತಿಳಿದುಕೊಂಡು ಬೀಟ್ ಸಿಬ್ಬಂದಿಯ ಹೆಸರನ್ನು ಠಾಣೆಯಲ್ಲೇ ಕೇಳಿ. ಇನ್‌ಸ್ಪೆಕ್ಟರ್ ವಾರ್ಡ್ ಸಮಿತಿಯ ಸದಸ್ಯರಲ್ಲ, ಅವರು ತಾವಾಗಿ ಬರುವುದಿಲ್ಲ. ಸಭೆಗೆ ವಾರ ಮುಂಚೆ ಅಧ್ಯಕ್ಷರ ಸಹಿಯಲ್ಲಿ ಪತ್ರ ಕೊಡಬೇಕು, ಜೊತೆಗೆ ರಾತ್ರಿ ನಡಿಗೆಯ ಪಟ್ಟಿಯ ಒಂದು ಪ್ರತಿ. ಕತ್ತಲ ಜಾಗಗಳ ಪಟ್ಟಿ ಬೀಟ್ ಪುಸ್ತಕಕ್ಕೆ ಸೇರಿದರೆ, ದೀಪ ರಿಪೇರಿಯಾಗುವವರೆಗೆ ಗಸ್ತು ಅಲ್ಲಿ ನಿಲ್ಲಬೇಕು ಎಂದು ಕೇಳಲು ಆಧಾರ ಸಿಗುತ್ತದೆ.

ಕ್ಯಾಮೆರಾದ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯಬೇಕು, ಏಕೆಂದರೆ ಬಡಾವಣೆ ಸಂಘಗಳ ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ 2017ರ ಪ್ರಕಾರ ಒಂದು ಹೊತ್ತಿಗೆ 100 ಅಥವಾ ದಿನಕ್ಕೆ 500 ಜನ ಸೇರುವ ಕಡೆ ಕ್ಯಾಮೆರಾ ಕಡ್ಡಾಯ, 30 ದಿನದ ದೃಶ್ಯ ಉಳಿಸಿಡಬೇಕು. ಮದುವೆ ಮಂಟಪ, ದೊಡ್ಡ ಅಂಗಡಿ, ಆಸ್ಪತ್ರೆ, ಕಾಲೇಜುಗಳು ಇದಕ್ಕೆ ಬರುತ್ತವೆ. ಸಂಘ ಹೊಸ ಕ್ಯಾಮೆರಾ ಕೊಳ್ಳುವ ಮೊದಲು, ತಮ್ಮ ರಸ್ತೆಯಲ್ಲಿ ಇಂಥವರು ಯಾರಿದ್ದಾರೆ, ಅವರ ಕ್ಯಾಮೆರಾ ರಸ್ತೆ ಕಡೆ ಮುಖ ಮಾಡಿದೆಯೇ ನೋಡಲಿ. ಕೊಳ್ಳುವುದೇ ಆದರೆ ಡಿಸ್ಕಿನ ಲೆಕ್ಕ ಹೀಗೆ: ಸೆಕೆಂಡಿಗೆ 2 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ತಿನ್ನುತ್ತದೆ. ನಾಲ್ಕು ಕ್ಯಾಮೆರಾಕ್ಕೆ 30 ದಿನಕ್ಕೆ 2.6 ಟಿಬಿ ಬೇಕು. 1 ಟಿಬಿ ಡಿಸ್ಕ್ ಹಾಕಿಸಿದರೆ ಹನ್ನೊಂದು ದಿನ ದಾಟುವಷ್ಟರಲ್ಲಿ ಹಳೆಯದು ಅಳಿಸಿಹೋಗುತ್ತದೆ. ಬೇಸಿಗೆ ರಜೆಗೆ ಊರಿಗೆ ಹೋದವರು ಎರಡು ವಾರ ಬಿಟ್ಟು ಬಂದು ಬೀಗ ಒಡೆದದ್ದನ್ನು ನೋಡುವ ಹೊತ್ತಿಗೆ ಕಳ್ಳತನದ ದಿನದ ದೃಶ್ಯ ಇರುವುದಿಲ್ಲ. ಹತ್ತು ಹನ್ನೆರಡು ಅಡಿಗಿಂತ ಎತ್ತರಕ್ಕೆ ಕಟ್ಟಿದ ಕ್ಯಾಮೆರಾಕ್ಕೆ ತಲೆಗಳಷ್ಟೇ ಕಾಣುತ್ತವೆ. ಎದುರಿಗೇ ಬೀದಿದೀಪ ಇದ್ದರೆ ಮುಖಗಳು ಕಪ್ಪಾಗುತ್ತವೆ. ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋದ ಹೊತ್ತಿನದು ಸಿಗುವುದೇ ಇಲ್ಲ. ದೃಶ್ಯ ಉಳಿಸಿಡುವ ಪೆಟ್ಟಿಗೆಯಾದ ಡಿವಿಆರ್‌ನ ಗಡಿಯಾರವನ್ನು ತಿಂಗಳಿಗೊಮ್ಮೆ ಮೊಬೈಲ್ ಸಮಯದೊಂದಿಗೆ ಹೋಲಿಸಿ ಸರಿಮಾಡಿ. ದೃಶ್ಯ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಮಾಣಪತ್ರ ಬೇಕು. ಡಿವಿಆರ್ ನೋಡಿಕೊಳ್ಳುವವರು ಯಾರೆಂದು ಮೊದಲೇ ಗೊತ್ತುಮಾಡಿಟ್ಟರೆ ಆ ಸಹಿಗೆ ಯಾರನ್ನೂ ಹುಡುಕಬೇಕಿಲ್ಲ. ದೃಶ್ಯವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಠಾಣೆಗೆ ಕೊಡಿ.

ನಿವಾಸಿಗಳ ಕಾವಲಿಗೂ ಒಂದು ಗೆರೆ ಇದೆ. ಅಪರಿಚಿತರನ್ನು ತಡೆದು ಆಧಾರ್ ಕೇಳುವ, ಕೈಮಾಡುವ ಅಧಿಕಾರ ಯಾವ ಸಮಿತಿಗೂ ಇಲ್ಲ. ಕಣ್ಣೆದುರೇ ಗಂಭೀರ ಅಪರಾಧ ನಡೆದಾಗ ನಾಗರಿಕರು ಹಿಡಿಯಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮಿನಲ್ಲಿದೆ. ಆದರೆ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 2018ರಲ್ಲಿ ಮಕ್ಕಳ ಕಳ್ಳರ ವದಂತಿ ರಾಜ್ಯದಲ್ಲಿ ಹಬ್ಬಿದಾಗ ಬೆಂಗಳೂರಿನಲ್ಲಿ ಕೆಲಸ ಹುಡುಕಿ ಬಂದ ಯುವಕನೊಬ್ಬ ಗುಂಪಿನ ಹೊಡೆತಕ್ಕೆ ಸತ್ತ. ವಾಟ್ಸಾಪಿನಲ್ಲಿ "ಹುಷಾರ್" ಎಂಬ ಮೆಸೇಜು ಬಂದರೆ ಮುಂದಕ್ಕೆ ಕಳಿಸುವ ಮೊದಲು ಠಾಣೆಗೆ ಕೇಳುವುದು ಗುಂಪಿನ ಅಡ್ಮಿನ್‌ಗಳ ನಿಯಮವಾಗಬೇಕು. ತುರ್ತಿಗೆ 112. ಆನ್‌ಲೈನಿನಲ್ಲಿ ಹಣ ಹೋದರೆ ಆ ಕ್ಷಣವೇ 1930, ಅಲ್ಲಿ ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ.

ಸಭೆಗೆ ಯಾರು ಬರುತ್ತಾರೆ ಎಂಬುದನ್ನು ಸಭೆಯ ಹೊತ್ತೇ ತೀರ್ಮಾನಿಸುತ್ತದೆ. ವಾರದ ದಿನ ಹನ್ನೊಂದು ಗಂಟೆಗೆ ಪಾಲಿಕೆ ಕಚೇರಿಯಲ್ಲಿ ಕರೆದರೆ ಮಂಡಕ್ಕಿ ಭಟ್ಟಿಯವರು, ಗಾರೆ ಕೆಲಸದವರು, ಹೋಟೆಲಿನವರು, ಪಿಜಿಯಲ್ಲಿರುವ ವಿದ್ಯಾರ್ಥಿನಿಯರು ಬರಲಾರರು. ಕತ್ತಲಲ್ಲಿ ಹೆಚ್ಚು ಓಡಾಡುವವರು ಇವರೇ. ಭಾನುವಾರ ಬೆಳಗ್ಗೆ ಅಥವಾ ಸಂಜೆ ಆರೂವರೆಗೆ, ಅಂಗನವಾಡಿಯಲ್ಲೋ ಸಮುದಾಯ ಭವನದಲ್ಲೋ ಕರೆಯಿರಿ. ಆಶಾ ಕಾರ್ಯಕರ್ತೆ ಮತ್ತು ಪೌರಕಾರ್ಮಿಕರನ್ನು ತಪ್ಪದೆ ಕರೆಯಿರಿ, ವಾರ್ಡಿನ ಪ್ರತಿ ಸಂದಿ ಅವರಿಗೆ ಗೊತ್ತು. ಗಣೇಶ ಹಬ್ಬ, ಈದ್, ದುಗ್ಗಮ್ಮನ ಜಾತ್ರೆಗೆ ಮುಂಚೆ ಪೊಲೀಸರು ಕರೆಯುವ ಶಾಂತಿ ಸಭೆಗೂ ಈ ಪಟ್ಟಿ ತೆಗೆದುಕೊಂಡು ಹೋಗಿ. ಮೆರವಣಿಗೆ ದಾರಿಯ ದೀಪ, ಜೋತುಬಿದ್ದ ಕೇಬಲ್, ತೆರೆದ ಚರಂಡಿಯ ಮಾತು ಅಲ್ಲಿ ಬಂದರೆ ಬೇಗ ಕೆಲಸವಾಗುತ್ತದೆ, ಏಕೆಂದರೆ ಎಲ್ಲ ಇಲಾಖೆಗಳೂ ಒಂದೇ ಕೋಣೆಯಲ್ಲಿರುತ್ತವೆ.

ಸಮಿತಿ ರಚನೆಯಾಗಿಲ್ಲ, ಅಥವಾ ಚುನಾಯಿತ ಪರಿಷತ್ತಿನ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದಾರೆ ಎಂದಾದರೂ ಪಟ್ಟಿ ನಿಲ್ಲಬಾರದು. ಅದೇ ನಮೂನೆಯಲ್ಲಿ ಆಯುಕ್ತರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪಕ್ಕದ ಚಿತ್ರದುರ್ಗದವರ ದಾರಿ ಸ್ವಲ್ಪ ಬೇರೆ. ಅದು 2011ರಲ್ಲಿ ಒಂದೂವರೆ ಲಕ್ಷದ ಆಸುಪಾಸಿನ ಊರು, ಅಲ್ಲಿರುವುದು ನಗರಸಭೆ. ಸಂವಿಧಾನದ 3 ಲಕ್ಷದ ಕಡ್ಡಾಯ ಅದಕ್ಕೆ ತಾಗುವುದಿಲ್ಲ. ಕೋಟೆ ಕೆಳಗಿನ ಇಕ್ಕಟ್ಟಿನ ಬೀದಿಗಳವರು, ಜೋಗಿಮಟ್ಟಿ ರಸ್ತೆ ಕಡೆಯವರು ನೋಂದಾಯಿತ ಬಡಾವಣೆ ಸಂಘದ ಹೆಸರಿನಲ್ಲಿ ಪೌರಾಯುಕ್ತರಿಗೆ ಬರೆದು, ವಾರ್ಡಿನ ಸದಸ್ಯರಿಂದ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಹಾಕಿಸಬೇಕು.

ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ದೀಪ, ಚರಂಡಿ, ಸೈಟು ಮೂರನ್ನೂ ಒಂದರಲ್ಲೇ ತುರುಕಿದರೆ ತಿರಸ್ಕಾರಕ್ಕೆ ನಾವೇ ಕಾರಣ ಕೊಟ್ಟಂತೆ. "ಯಾಕೆ ಮಾಡಿಲ್ಲ" ಎಂದು ಕೇಳಬೇಡಿ. ನಿಮ್ಮ ವಾರ್ಡಿನ ಕಳೆದ ಆರು ತಿಂಗಳ ಬೀದಿದೀಪ ನಿರ್ವಹಣೆಯ ದೂರು ಪುಸ್ತಕ, ಗುತ್ತಿಗೆದಾರರ ಕೆಲಸದ ಆದೇಶ, ಪಾವತಿಸಿದ ಬಿಲ್ಲುಗಳ ದೃಢೀಕೃತ ನಕಲು ಕೊಡಿ ಎಂದು ಕೇಳಿ. ಬಂದ ಬಿಲ್ಲಿನಲ್ಲಿ ರಿಪೇರಿಯಾಗಿದೆ ಎಂದಿರುವ ಕಂಬದ ಸಂಖ್ಯೆಗಳನ್ನು ನಿಮ್ಮ ಪಟ್ಟಿಯೊಂದಿಗೆ ಸಾಲುಸಾಲಾಗಿ ಹೋಲಿಸಿ, ತಾಳೆಯಾಗದವನ್ನು ಮುಂದಿನ ಸಭೆಯ ಮೊದಲ ವಿಷಯವಾಗಿ ಬರೆದುಕೊಡಿ.