ಸೆಲೆ ನದಿ ಪಕ್ಕದ ದಾರಿ: 70 ಕಿಲೋಮೀಟರ್ ಆಯ್ತು, ಇನ್ನು 25

ಸೆಪ್ಟೆಂಬರ್ ಕೊನೆಯ ಲೆಕ್ಕ ಇಷ್ಟು. ಫ್ರಾನ್ಸಿನ ಫಿಜಾಕ್‌ನಿಂದ ಸ್ಯಾಂ ಸಿರ್ ಲಾಪೊಪಿವರೆಗೆ ಹೆಚ್ಚುಕಡಿಮೆ 70 ಕಿಲೋಮೀಟರ್ ನಡೆದಾಗಿದೆ. ಕಾಓರ್ ಪಟ್ಟಣಕ್ಕೆ ಇನ್ನೊಂದು 25 ಬಾಕಿ. ಏಪ್ರಿಲ್‌ನಲ್ಲಿ ಹೊರಟಾಗ ಬೇಸಿಗೆಯೊಳಗೆ ಮುಗಿಸಿಬಿಡುತ್ತೇವೆ ಅಂದುಕೊಂಡಿದ್ದೆವು. ಆಗಲಿಲ್ಲ. ಯಾಕೆ ಅಂತ ಕೆಳಗೆ ಬರುತ್ತೆ.

ನಾವು ಅಂದರೆ ನಾನು ಮತ್ತು ನನ್ನ ಹಾಸನದ ಗೆಳೆಯ. ಇಬ್ಬರೂ ಬೆಂಗಳೂರಿನಲ್ಲಿ ಒಟ್ಟಿಗೆ ಇದ್ದವರು, ಈಗ ಟುಲೂಸ್‌ನಲ್ಲಿ ವಿಮಾನದ ಬಿಡಿಭಾಗಗಳ ಕೆಲಸ. ಟುಲೂಸ್‌ನಿಂದ ಉತ್ತರಕ್ಕೆ ಹೋದರೆ ಲಾಟ್ ಜಿಲ್ಲೆ. ಅಲ್ಲಿ ಲಾಟ್ ನದಿಗೆ ಸೇರುವ ಒಂದು ಸಣ್ಣ ನದಿಯ ಹೆಸರು ಸೆಲೆ. ನಿಜ ಹೇಳಬೇಕೆಂದರೆ ಹೆಸರು ನೋಡಿಯೇ ಆರಿಸಿದ್ದು. ಫ್ರಾನ್ಸಿನಲ್ಲಿ ಅಚ್ಚಗನ್ನಡ ಹೆಸರಿನ ನದಿ ಇರುವಾಗ ಬೇರೆ ಕಡೆ ಯಾಕೆ ಹೋಗಬೇಕು, ಅಲ್ವಾ?

ಲ ಪ್ಯುಯಿ ಪಟ್ಟಣದಿಂದ ಸ್ಪೇನಿನ ಸಾಂತಿಯಾಗೊ ಕಡೆಗೆ ಹೋಗುವ ಹಳೆಯ ಯಾತ್ರೆಯ ಹಾದಿಗೆ ಈಗ ಜಿಆರ್ 65 ಅನ್ನುತ್ತಾರೆ. ಜಿಆರ್ ಅಂದರೆ ದೂರದ ಕಾಲ್ನಡಿಗೆಯ ಹಾದಿ. ಲ ಪ್ಯುಯಿಯ ಬಿಷಪ್ ಗೊಡೆಸ್ಕಾಲ್ಕ್ 950ರಲ್ಲಿ ಆ ಕಡೆ ಹೊರಟ ಅನ್ನುವುದು ಈ ಹಾದಿಯವರ ಹೆಮ್ಮೆ. ಫಿಜಾಕ್ ದಾಟಿದ ಮೇಲೆ ಅದರಿಂದ ಒಂದು ಕವಲು ಒಡೆದು ಸೆಲೆ ಕಣಿವೆಗೆ ಇಳಿಯುತ್ತದೆ. ಅದು ಜಿಆರ್ 651. ಜನ ಕಡಿಮೆ, ನಮಗೆ ಬೇಕಾಗಿದ್ದೂ ಅದೇ. ನಾವು ಹಾಕಿಕೊಂಡ ನಿಯಮ ಒಂದೇ: ಹೋದ ಸಲ ಎಲ್ಲಿ ನಿಲ್ಲಿಸಿದೆವೋ ಅಲ್ಲಿಂದಲೇ ಶುರು ಮಾಡಬೇಕು.

ಏಪ್ರಿಲ್: ಫಿಜಾಕ್‌ನಿಂದ ಮಾರ್ಸಿಯಾಕ್

ಈಜಿಪ್ಟಿನ ಚಿತ್ರಲಿಪಿಯನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯೋಂ ಹುಟ್ಟಿದ್ದು ಫಿಜಾಕ್‌ನಲ್ಲಿ, 1790ರಲ್ಲಿ. ಅವನ ಮನೆ ಹತ್ತಿರದ ಅಂಗಳದಲ್ಲಿ ಆ ಲಿಪಿ ಬಿಡಿಸಲು ನೆರವಾದ ರೊಸೆಟ್ಟಾ ಶಿಲೆಯ ದೊಡ್ಡ ನಕಲನ್ನು ನೆಲಕ್ಕೇ ಹಾಸಿದ್ದಾರೆ. ಕಪ್ಪು ಕಲ್ಲು, ಅದರ ಮೇಲೆ ನಡೆದು ಹೋಗಬಹುದು. ಅಕ್ಷರದ ಮೇಲೆ ಕಾಲಿಡಲು ನಮಗಿಬ್ಬರಿಗೂ ಮನಸ್ಸಾಗಲಿಲ್ಲ. ಅಂಚಿನಲ್ಲೇ ಸುತ್ತಿ ಬಂದೆವು.

ಆಮೇಲೆ ಮೊದಲ ಎಡವಟ್ಟು. ಜಿಆರ್ ಹಾದಿಯ ಗುರುತು ಎರಡು ಪಟ್ಟಿ: ಮೇಲೆ ಬಿಳಿ, ಕೆಳಗೆ ಕೆಂಪು. ಮರ, ಕಂಬ, ಗೋಡೆ, ಎಲ್ಲೆಂದರಲ್ಲಿ ಸ್ವಯಂಸೇವಕರು ಬಳಿದಿರುತ್ತಾರೆ. ತಪ್ಪು ದಾರಿಗೆ ಅದೇ ಬಣ್ಣದ ಗುಣಿಸು ಚಿಹ್ನೆ. ಇಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ. ಬೆದ್ಯುಯೆ ಹತ್ತಿರ ಕವಲಿನಲ್ಲಿ ಮಾತಾಡುತ್ತಾ ಹೋಗಿಬಿಟ್ಟೆವು. ಬಿಳಿ-ಕೆಂಪು ಗುರುತು ಬರುತ್ತಲೇ ಇತ್ತು, ಅನುಮಾನವೇ ಬರಲಿಲ್ಲ. ಎರಡು ಕಿಲೋಮೀಟರ್ ಆದ ಮೇಲೆ ಕಾಜಾರ್ಕ್ ಅನ್ನುವ ಬೋರ್ಡ್ ಕಂಡಿತು. ಅದು 65ರ ಹಾದಿಯ ಊರು. 65ಕ್ಕೂ ಅದೇ ಗುರುತು, 651ಕ್ಕೂ ಅದೇ ಗುರುತು! ಕವಲಿನಲ್ಲಿ ಬಣ್ಣ ನೋಡಬೇಡಿ, ಬೋರ್ಡಿನ ಮೇಲಿನ ನಂಬರ್ ಓದಿ.

ರಾತ್ರಿ ಎಸ್ಪಾನ್ಯಾಕ್‌ನಲ್ಲಿ. ಹಳೆಯ ಸನ್ಯಾಸಿನಿಯರ ಮಠದ ಕಟ್ಟಡದಲ್ಲೇ ನಡಿಗೆಯವರಿಗೆ ತಂಗುಮನೆ ಇದೆ. ಇಂಥ ತಂಗುಮನೆಗೆ ಇಲ್ಲಿ ಜೀತ್ ಅನ್ನುತ್ತಾರೆ. ಚರ್ಚಿನ ಗಂಟೆಗೋಪುರಕ್ಕೆ ಮರದ ಚೌಕಟ್ಟು, ಮಧ್ಯೆ ಇಟ್ಟಿಗೆ. ಸುಮ್ನೆ ನೋಡಿದರೆ ಯಾರದೋ ಮನೆಯ ಅಟ್ಟವನ್ನು ಎತ್ತಿ ಚರ್ಚಿನ ಮೇಲೆ ಇಟ್ಟಂತಿದೆ. ಅಡುಗೆಮನೆ ಇತ್ತು, ಅನ್ನ ಮಾಡಿ ಸಾರಿನ ಪುಡಿ ಕುದಿಸಿದೆವು. ಪಕ್ಕದ ಮಂಚದ ಹಿರಿಯರೊಬ್ಬರು ವಾಸನೆಗೆ ಎದ್ದು ಬಂದು ಒಂದು ಬಟ್ಟಲು ಸಾರು ಕುಡಿದರು. ಬ್ರೆಡ್ ಅದ್ದಿಕೊಂಡು. ನನಗೂ ಅದೇ ಸರಿ ಅನ್ನಿಸಿತು.

ಮರುದಿನ ಗೆಳೆಯನ ಗೊಣಗಾಟ ಶುರುವಾಯಿತು. "ಅಲ್ಲ ಕಣೋ, ನದಿ ಪಕ್ಕದ ದಾರಿ ಅಂದೆ. ಬೆಳಗ್ಗೆಯಿಂದ ಗುಡ್ಡ ಹತ್ತಿಸ್ತಾನೇ ಇದ್ದೀಯ?" ತಪ್ಪು ನನ್ನದೇ. ನಕ್ಷೆಯಲ್ಲಿ ನದಿಗೆ ಅಂಟಿಕೊಂಡ ಕೆಂಪು ಗೆರೆ ನೋಡಿ ತೋಟದ ದಾರಿ ಅಂದುಕೊಂಡಿದ್ದೆ. ನಿಜವಾಗಿ ಈ ಕಣಿವೆಯಲ್ಲಿ ಸುಣ್ಣಕಲ್ಲಿನ ಬಂಡೆಗೋಡೆ ಎಷ್ಟೋ ಕಡೆ ನೇರ ನೀರಿನ ಅಂಚಿಗೇ ಬಂದು ನಿಲ್ಲುತ್ತದೆ. ಸಿಕ್ಕ ಚೂರು ಜಾಗ ಡಾಂಬರು ರಸ್ತೆಗೆ. ಕಾಲುದಾರಿ ಮೇಲೆ ಹತ್ತಬೇಕು, ಮತ್ತೆ ಊರಿಗೆ ಇಳಿಯಬೇಕು, ಮತ್ತೆ ಹತ್ತಬೇಕು. ಬ್ರೆಂಗ್ ಹತ್ತಿರ ಬಂಡೆಯ ಗವಿಗಳಿಗೆ ಗೋಡೆ ಕಟ್ಟಿ ಮಾಡಿದ ಕೋಟೆಗಳು ಕಾಣುತ್ತವೆ. ಇಂಗ್ಲೆಂಡ್, ಫ್ರಾನ್ಸ್ ನಡುವಿನ ನೂರು ವರ್ಷದ ಯುದ್ಧದ ನೆನಪಿಗೆ ಇಲ್ಲಿನವರು ಅವನ್ನು ಇಂಗ್ಲಿಷರ ಕೋಟೆ ಅನ್ನುತ್ತಾರೆ.

ಮಾರ್ಸಿಯಾಕ್‌ನ ಮಠದಲ್ಲಿ ಒಂದು ಗಂಟೆ ಕೂತೆವು. ಅರ್ಧ ಚರ್ಚು ಈಗಲೂ ಬಳಕೆಯಲ್ಲಿದೆ. ಇನ್ನರ್ಧಕ್ಕೆ ಚಾವಣಿ ಇಲ್ಲ, ಯುದ್ಧಗಳಲ್ಲಿ ಹಾಳಾದದ್ದನ್ನು ಹಾಗೇ ಬಿಟ್ಟಿದ್ದಾರೆ. ಕಮಾನಿನ ಕೆಳಗೆ ಹುಲ್ಲು, ಮೇಲೆ ಆಕಾಶ. ಹಂಪಿ ನೋಡಿದವರಿಗೆ ಇದು ಹೊಸದಲ್ಲ. ಆದರೂ ಕೂತೆವು.

ಖರ್ಚಿನ ವಿಷಯ: ಕಾರನ್ನು ಮೊದಲೇ ಮಾರ್ಸಿಯಾಕ್‌ನಲ್ಲಿ ಬಿಟ್ಟು, ಟ್ಯಾಕ್ಸಿಯಲ್ಲಿ ಫಿಜಾಕ್‌ಗೆ ಹೋಗಿದ್ದೆವು. ಎರಡು ದಿನದ ಊಟ, ವಸತಿಗಿಂತ ಆ ಟ್ಯಾಕ್ಸಿಗೇ ಜಾಸ್ತಿ ಆಯಿತು. ಬೇರೆ ಉಪಾಯ ಹೊಳೆದವರು ಹೇಳಿ.

ಜೂನ್: ವಾಪಸ್

ಈ ಸಲ ಸೋತಿದ್ದು. ಮಾರ್ಸಿಯಾಕ್‌ನಿಂದ ಹೊರಟು ಮೇಲೆ ಹತ್ತಿದರೆ ಕೋಸ್. ಅಂದರೆ ಸುಣ್ಣಕಲ್ಲಿನ ಬಯಲು: ಗಿಡ್ಡ ಓಕ್ ಮರ, ಕಲ್ಲು, ಮತ್ತೆ ಕಲ್ಲು. ಕಣ್ಣಿನ ಸುತ್ತ ಕಪ್ಪು ಉಂಗುರವಿರುವ ಕುರಿಗಳು ಬೇಲಿಯಾಚೆಯಿಂದ ನೋಡುತ್ತವೆ, ಕನ್ನಡಕ ಹಾಕಿದ ಮೇಷ್ಟ್ರ ಹಾಗೆ. ಇಲ್ಲಿ ಮಳೆ ಬರುವುದಿಲ್ಲ ಅಂತಲ್ಲ, ಬಿದ್ದ ನೀರು ನಿಲ್ಲುವುದಿಲ್ಲ. ಬಿರುಕುಗಳಲ್ಲಿ ಇಳಿದು ಒಳಗೇ ಹೋಗುತ್ತದೆ, ಕಲ್ಲನ್ನು ಕರಗಿಸಿ ಗುಹೆ ಮಾಡುತ್ತದೆ, ಕೊನೆಗೆ ಬಂಡೆಯ ಬುಡದಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಕೆಳಗೆ ಸೆಲೆ, ಮೇಲೆ ನಾಲಿಗೆ ಒಣಗುವ ಬಯಲು.

ತಲೆಗೆ ಒಂದೂವರೆ ಲೀಟರ್ ತಂದಿದ್ದೆವು. ಹನ್ನೊಂದು ಗಂಟೆಗೆ ಖಾಲಿ. ಒಂದು ಕಲ್ಲಿನ ಗುಡಿಸಲೊಳಗೆ ನುಗ್ಗಿ ಕೂತೆವು. ಇವನ್ನು ಕುರುಬರು, ರೈತರು ಕಟ್ಟಿದ್ದು, ಹೆಸರು ಗಾರಿಯೊಟ್. ಗಾರೆ ಇಲ್ಲ, ಮರ ಇಲ್ಲ. ಚಪ್ಪಟೆ ಕಲ್ಲಿನ ಒಂದೊಂದು ಸುತ್ತನ್ನೂ ಒಂದೊಂದು ಬೆರಳಿನಷ್ಟು ಒಳಗೆ ಸರಿಸುತ್ತಾ ಹೋಗಿ, ತುದಿಯಲ್ಲಿ ಒಂದು ಹಾಸುಗಲ್ಲಿನಿಂದ ಮುಚ್ಚಿದ್ದಾರೆ. ಒಳಗೆ ತಂಪು. ನಾನು ಗೋಡೆಗೆ ಕೆನ್ನೆ ಒತ್ತಿ ಕೂತಿದ್ದೆ. ಗೆಳೆಯ ಏನೂ ಮಾತಾಡಲಿಲ್ಲ, ಅದೇ ನನಗೆ ಹೆದರಿಕೆ. ಬಿಸಿಲು ಸ್ವಲ್ಪ ಇಳಿದ ಮೇಲೆ ಬಂದ ದಾರಿಯಲ್ಲೇ ವಾಪಸ್.

ಊರಿಗೆ ಬಂದರೆ ಅಂಗಡಿ ಮುಚ್ಚಿತ್ತು. ಆಗ ಏಪ್ರಿಲ್‌ನ ಆ ಸಾರು ಕುಡಿದ ಹಿರಿಯರು ಹೇಳಿದ್ದು ನೆನಪಾಯಿತು: ಫ್ರಾನ್ಸಿನಲ್ಲಿ ನೀರು ಬೇಕಾದರೆ ಸ್ಮಶಾನಕ್ಕೆ ಹೋಗಿ. ಸಮಾಧಿಯ ಹೂಗಿಡಗಳಿಗೆ ಹಾಕಲು ಅಲ್ಲಿ ನಲ್ಲಿ ಇರುತ್ತದೆ, ನಡೆಯುವವರೆಲ್ಲ ಅಲ್ಲೇ ತುಂಬಿಸಿಕೊಳ್ಳುತ್ತಾರೆ. ಕುಡಿಯುವ ನೀರಲ್ಲ ಅನ್ನುವ ಬೋರ್ಡ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಬೇಕು. ಎರಡು ಬಾಟಲಿ ನಿಂತಲ್ಲೇ ಕುಡಿದೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಬಿಸಿಲಿನ ಕಥೆ ಹೇಳಿದೆ, ನಲ್ಲಿಯ ಕಥೆ ಹೇಳಲಿಲ್ಲ.

ಸೆಪ್ಟೆಂಬರ್: ಮಾರ್ಸಿಯಾಕ್‌ನಿಂದ ಸ್ಯಾಂ ಸಿರ್

ಮೂರು ಲೀಟರ್ ಹೊತ್ತು ಅದೇ ದಾರಿ. ಜೂನ್‌ನಲ್ಲಿ ಕೊಂದ ಬಯಲು ಈಗ ತಣ್ಣಗೆ ಬಿದ್ದುಕೊಂಡಿತ್ತು. ಸಂಜೆಗೆ ಕಾಬ್ರೆರೆ.

ಮರುದಿನ ಬೆಳಗ್ಗೆ ಪೆಶ್ ಮೆರ್ಲ್ ಗುಹೆ. 1922ರಲ್ಲಿ ಊರಿನ ಹುಡುಗರು ಕಂಡುಹಿಡಿದದ್ದು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಮೊದಲೇ ಬುಕ್ ಮಾಡಿ. ಎರಡು ಚುಕ್ಕೆ ಕುದುರೆಗಳ ಚಿತ್ರಕ್ಕೆ ಸುಮಾರು 29,000 ವರ್ಷ. ಬಲಗಡೆ ಕುದುರೆಯ ತಲೆ ಇರುವ ಕಡೆ ಬಂಡೆಯೇ ಕುದುರೆಯ ಮುಖದ ಹಾಗೆ ಮೂಡಿ ಬಂದಿದೆ. ಬರೆದವನು ಅದನ್ನು ನೋಡಿಯೇ ಜಾಗ ಆರಿಸಿರಬೇಕು. ಅಷ್ಟು ದೊಡ್ಡ ಬಂಡೆಗೆ ಬರೆದ ತಲೆ ಮಾತ್ರ ಪುಟ್ಟದು. ಸುತ್ತ ಕೈಗಳ ಅಚ್ಚು: ಅಂಗೈಯನ್ನು ಗೋಡೆಗೆ ಇಟ್ಟು ಸುತ್ತಲೂ ಕಪ್ಪು ಬಣ್ಣ ಊದಿದ್ದಾರೆ, ಕೈ ತೆಗೆದ ಜಾಗ ಖಾಲಿ ಉಳಿದಿದೆ. ನನ್ನ ಪಕ್ಕದಲ್ಲಿದ್ದ ಮಗು ಗಾಳಿಯಲ್ಲೇ ಅದಕ್ಕೆ ಕೈ ಅಳತೆ ಮಾಡುತ್ತಿತ್ತು. ನಾನೂ ಮಾಡಿದೆ, ಜೇಬಿನ ಹತ್ತಿರ ಕೈ ಇಟ್ಟುಕೊಂಡು, ಯಾರಿಗೂ ಕಾಣದ ಹಾಗೆ.

ಸೆಲೆ ಇದರ ಕೆಳಗೆ ಲಾಟ್‌ಗೆ ಸೇರುತ್ತದೆ. ನದಿ ಪಕ್ಕದ ದಾರಿ ಕೊನೆಗೂ ಸಿಕ್ಕಿದ್ದು ಬೂಝಿಯೆಸ್‌ನಲ್ಲಿ, ಅದೂ ಬೇರೆ ನದಿಯ ಪಕ್ಕ. 19ನೇ ಶತಮಾನದಲ್ಲಿ ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದರು. ಬಂಡೆ ನೀರಿಗೇ ಇಳಿದಿರುವ ಕಡೆ ಎಳೆಯುವವರು ನಡೆಯುವುದೆಲ್ಲಿ? ಬಂಡೆಯ ಹೊಟ್ಟೆಯನ್ನೇ ಕೊರೆದು ದಾರಿ ಮಾಡಿದರು. ಎಡಗಡೆ ನೀರು, ಬಲಗಡೆ ಕಲ್ಲು, ತಲೆಯ ಮೇಲೂ ಕಲ್ಲು. ಆಮೇಲೆ ರೈಲು ಬಂತು, ದೋಣಿ ನಿಂತವು. ಈಗ ಗೋಡೆಯ ಒಂದು ಭಾಗದಲ್ಲಿ ಡೇನಿಯಲ್ ಮೊನಿಯೆ ಅನ್ನುವ ಶಿಲ್ಪಿ ಮೀನು, ಶಂಖ, ಸುಳಿಗಳನ್ನು ಕೆತ್ತಿದ್ದಾನೆ. ಇಡೀ ಪ್ರಾಜೆಕ್ಟಿನಲ್ಲಿ ಗೆಳೆಯ ಗೊಣಗದೆ ನಡೆದ ದಾರಿ ಇದೊಂದೇ.

ಸ್ಯಾಂ ಸಿರ್ ಲಾಪೊಪಿ ಚೆಂದದ ಊರು. ಬಂಡೆಯ ತುದಿಯಲ್ಲಿ ಚರ್ಚು, ಕೆಳಗೆ ನದಿ. ಕವಿ ಆಂದ್ರೆ ಬ್ರೆತೋಂ ಇಲ್ಲೇ ಮನೆ ಕೊಂಡಿದ್ದ. ಆದರೆ ಜನಜಂಗುಳಿ, ಐಸ್‌ಕ್ರೀಮ್ ಸಾಲು. ಅರ್ಧ ಗಂಟೆಯಲ್ಲಿ ಇಳಿದೆವು.

ಮುಂದಿನದು

ಕಾಓರ್‌ಗೆ ಟ್ಯಾಕ್ಸಿ ಬೇಡ. ಅಲ್ಲಿಂದ ಬರುವ ಬಸ್ಸು ಸ್ಯಾಂ ಸಿರ್ ಎದುರಿನ ದಡದ ತೂರ್ ದ ಫೋರ್‌ನಲ್ಲಿ ನಿಲ್ಲುತ್ತದೆ. ಹೊರಡುವುದು ನವೆಂಬರಿನಲ್ಲಿ. ಅದು ಬೇಟೆಯ ಕಾಲ, ಹಾಗಾಗಿ ಬೇಟೆಗಾರರ ಕಣ್ಣಿಗೆ ಬೀಳಲಿ ಅಂತ ಕಿತ್ತಳೆ ಬಣ್ಣದ ಮೇಲಂಗಿ ಎರಡು ತಂದಿದ್ದೇನೆ. ಮುಗಿಯುವುದು 1308ರಲ್ಲಿ ಕಟ್ಟಲು ಶುರು ಮಾಡಿದ ವಾಲಾಂತ್ರೆ ಸೇತುವೆಯ ಮೇಲೆ. ಮೂರು ಗೋಪುರದ ಸೇತುವೆ ಅದು. ಕೆಲಸ ಮುಗಿಸಿಕೊಡಲು ಮೇಸ್ತ್ರಿ ಸೈತಾನನ ಜೊತೆ ಒಪ್ಪಂದ ಮಾಡಿಕೊಂಡು, ಕೊನೆಗೆ ಜರಡಿಯಲ್ಲಿ ನೀರು ತಾ ಅಂತ ಕಳಿಸಿದನಂತೆ. ಸೈತಾನ ಸೋತ. 1879ರಲ್ಲಿ ರಿಪೇರಿ ಮಾಡಿದವರು ನಡುಗೋಪುರದಲ್ಲಿ ಒಂದು ಪುಟ್ಟ ಸೈತಾನನನ್ನು ಕೆತ್ತಿಸಿಟ್ಟಿದ್ದಾರೆ.

ಈ ಕಥೆ ಕೇಳಿ ಗೆಳೆಯ ಹೇಳಿದ್ದು: "ಪಾಪ, ಅವನನ್ನ ಜೂನ್‌ನಲ್ಲಿ ಕೋಸ್ ಮೇಲೆ ಕಳಿಸಿರ್ತಾರೆ."